ಶನಿವಾರ ಬೆಳಿಗ್ಗೆ ನಮಗೆ ಕಾರ್ಟೂನ್ ಇರಲಿಲ್ಲ, ಮಾರ್ನಿಂಗ್ ಕ್ಲಾಸ್ ಇತ್ತು

ಎಡಿಸನ್_ಎಮ್ಮೆ:
ನ್ಯೂಜೆರ್ಸಿಗೆ ಬಂದು ಹದಿನೆಂಟು ವರ್ಷ ಆಯಿತು. ಮೊನ್ನೆ ಆಫೀಸಿನಲ್ಲಿ ಊಟ ಮಾಡುವಾಗ ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಚಿಕ್ಕಂದಿನ ಕಾರ್ಟೂನಿಗೆ ಬಂತು. ನನ್ನ ವಯಸ್ಸಿನವರೇ ಇಬ್ಬರು, ಶನಿವಾರ ಬೆಳಿಗ್ಗೆ ಎದ್ದ ಬಟ್ಟೆಯಲ್ಲೇ ಟಿವಿ ಮುಂದೆ ಕೂತು, ಬಟ್ಟಲು ತುಂಬಾ ಸೀರಿಯಲ್ ಹಾಕಿಕೊಂಡು, ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲವಂತೆ. ಸ್ಕೂಬಿ ಡೂ ಹೆಸರು ಬಂದಿದ್ದೇ ತಡ, ಇಬ್ಬರೂ ಎಂಟು ವರ್ಷದ ಹುಡುಗರಾಗಿಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ "ನಿಮ್ಮದು ಯಾವುದು?" ಅಂದರು.

"ಶನಿವಾರ ನಮಗೆ ಶಾಲೆ ಇರುತ್ತಿತ್ತು" ಅಂದೆ. ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. ಪೂರ್ತಿ ದಿನ ಅಲ್ಲಪ್ಪಾ, ಬೆಳಿಗ್ಗೆ ಎಂಟಕ್ಕೆ ಬಿಳಿ ಯೂನಿಫಾರ್ಮ್ ಹಾಕಿಸಿ ಡ್ರಿಲ್ ಮಾಡಿಸಿ ಹನ್ನೊಂದೂವರೆಗೆ ಬಿಡುತ್ತಿದ್ದರು ಅಂತ ಹೇಳಿ ಮುಗಿಸುವಷ್ಟರಲ್ಲಿ ಊಟವೇ ಮುಗಿದಿತ್ತು.

ನಾನು 1980ರವನು, ಊರು ತಿಪಟೂರು. ಈಗ ನನ್ನ ಪ್ರಶ್ನೆ ಕೇಳಿ. ನೀವು ಯಾವ ಕಾಲದವರು ಅಂತ ಒಂದೇ ಒಂದು ಕಾರ್ಟೂನ್ ಹೆಸರಿನಲ್ಲಿ ಹೇಳಬೇಕಾದರೆ ಯಾವುದನ್ನ ಹೇಳುತ್ತೀರಿ? ಜೊತೆಗೆ ಇನ್ನೊಂದು ತಲೆಕೊರೆತ ಇದೆ. ದೂರದರ್ಶನದಲ್ಲಿ ಒಂದು ದೊಡ್ಡ ರೋಬೋ ಬರುತ್ತಿತ್ತು. ಒಬ್ಬ ಹುಡುಗ ಕೈಗಡಿಯಾರಕ್ಕೆ ಬಾಯಿ ಇಟ್ಟು ಮಾತಾಡಿದರೆ ಅದು ಹಾರಿಕೊಂಡು ಬರೋದು. ಹೆಸರು ನಾಲಿಗೆ ತುದಿಯಲ್ಲಿದೆ, ಆಚೆ ಬರುತ್ತಿಲ್ಲ.

ಬೆಣ್ಣೆ_ಖಾಲಿ:
ಮೋಗ್ಲಿ. ಚರ್ಚೆ ಮುಗಿಯಿತು. ಎಲ್ಲರೂ ಮನೆಗೆ ಹೋಗಿ.

ಗಿರ್ಮಿಟ್_ಗ್ಯಾಂಗ್:
ಮೋಗ್ಲಿಗೆ ನನ್ನದೂ ಒಂದು ವೋಟು. ಆದರೆ ಒಂದು ಸತ್ಯ ಹೇಳುತ್ತೇನೆ, ನಗಬೇಡ್ರಿ. ಅದರ ಹಿಂದಿ ಹಾಡಿನಲ್ಲಿ ನಮ್ಮ ಓಣಿಯ ಅಷ್ಟೂ ಹುಡುಗರಿಗೆ ಅರ್ಥ ಆಗುತ್ತಿದ್ದ ಪದ ಒಂದೇ: ಚಡ್ಡಿ. ಆ ಪದ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು. ಮುಂದೆ ಪಿಯುಸಿಗೆ ಬಂದಮೇಲೆ ಗೊತ್ತಾಯಿತು, ಬರೆದವರು ಗುಲ್ಜಾರ್ ಅಂತ. ಅಷ್ಟು ದೊಡ್ಡ ಕವಿಯನ್ನ ನಾವು ಚಡ್ಡಿಯಿಂದ ಪರಿಚಯ ಮಾಡಿಕೊಂಡಿದ್ದು.

ಎಡಿಸನ್_ಎಮ್ಮೆ:
@ಗಿರ್ಮಿಟ್_ಗ್ಯಾಂಗ್ ತಿಪಟೂರಲ್ಲೂ ಅದೇ ಕಥೆ 😄

ಸೂಜಿ_ಕಣ್ಣು:
ಕೈಗಡಿಯಾರದ ಹುಡುಗ, ಹಾರುವ ರೋಬೋ ಅಂದರೆ ಜೈಂಟ್ ರೋಬೋ. ಜಾನಿ ಸೊಕ್ಕೋ ಅಂತ ಹುಡುಗನ ಹೆಸರು. ಜಪಾನಿನವರು 1967ರಲ್ಲಿ ಮಾಡಿದ್ದು, ನಮ್ಮಲ್ಲಿಗೆ ಬಂದಿದ್ದು 80ರ ದಶಕದಲ್ಲಿ. ಆದರೆ ಅದು ಕಾರ್ಟೂನ್ ಅಲ್ಲ. ರೋಬೋ ವೇಷದೊಳಗೆ ಮನುಷ್ಯ ಇದ್ದ.

ಎಡಿಸನ್_ಎಮ್ಮೆ:
ಹೌದು ಹೌದು ಅದೇ! ಮೂವತ್ತೈದು ವರ್ಷದ ತುರಿಕೆ ಹೋಯಿತು ಸರ್. ನಿಮ್ಮ ಹೊಟ್ಟೆ ತಣ್ಣಗಿರಲಿ. ಒಳಗೆ ಮನುಷ್ಯ ಇದ್ದ ಅಂತ ಮಾತ್ರ ಹೇಳಬಾರದಿತ್ತು.

ಸೂಜಿ_ಕಣ್ಣು:
ಇನ್ನೊಂದು ಹೇಳಿಬಿಡುತ್ತೇನೆ. ನೀವೆಲ್ಲಾ ನಮ್ಮ ಮೋಗ್ಲಿ ನಮ್ಮ ಮೋಗ್ಲಿ ಅನ್ನುತ್ತಿದ್ದೀರಲ್ಲ, ಅದೂ ಜಪಾನಿನದೇ. ನಿಪ್ಪಾನ್ ಅನಿಮೇಷನ್ ಅನ್ನುವ ಕಂಪನಿ 1989ರಲ್ಲಿ ಮಾಡಿದ್ದು. 1993ರಲ್ಲಿ ದೂರದರ್ಶನ ಹಿಂದಿಗೆ ಡಬ್ ಮಾಡಿ ತಂದಿತು. ಹುಲಿ ಶೇರ್ ಖಾನ್‌ಗೆ ಧ್ವನಿ ಕೊಟ್ಟಿದ್ದು ನಾನಾ ಪಾಟೇಕರ್. ಕಥೆ ಬರೆದದ್ದು ಇಂಗ್ಲಿಷಿನವನು, ಕಾಡು ಮಧ್ಯಪ್ರದೇಶದ್ದು, ಚಿತ್ರ ಜಪಾನಿದು, ಮಾತು ಹಿಂದಿ. ನೋಡಿದವರು ತಿಪಟೂರಿನವರು.

ಬೆಣ್ಣೆ_ಖಾಲಿ:
ದಾವಣಗೆರೆಯವರೂ ಸೇರಿಸಿಕೊಳ್ಳಿ ಗುರು.

ನಾಲ್ಕನೇ_ಬ್ಲಾಕ್:
ಕ್ಷಮಿಸಿ, ಮೋಗ್ಲಿ ಎಲ್ಲರದೂ ಅಲ್ಲ. ನಾನು 1988, ಬೆಂಗಳೂರು ಜಯನಗರ. ನಮ್ಮ ಮನೆಗೆ ಕೇಬಲ್ ಬೇಗ ಬಂತು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಶುರುವಾದಮೇಲೆ ದೂರದರ್ಶನದ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಾಲ ಅಂದರೆ ಸ್ವಾಟ್ ಕ್ಯಾಟ್ಸ್. ಎರಡು ಬೆಕ್ಕು, ಒಂದು ಕಪ್ಪು ಜೆಟ್ ವಿಮಾನ. ನಮ್ಮ ರಸ್ತೆಯ ಹುಡುಗರೆಲ್ಲ ಸೈಕಲ್ಲನ್ನೇ ಆ ವಿಮಾನ ಅಂದುಕೊಂಡು ಎಷ್ಟು ಜನರ ಕಾಂಪೌಂಡಿಗೆ ಗುದ್ದಿದ್ದೇವೋ ಲೆಕ್ಕ ಇಲ್ಲ.

ಆಗ ಚಾನೆಲ್ ಇಡೀ ದಿನ ಇರಲಿಲ್ಲ, ನೆನಪಿದೆಯಾ? ರಾತ್ರಿ ಒಂಬತ್ತಾದರೆ ಕಾರ್ಟೂನ್ ಮಾಯ. ಅದೇ ನಂಬರಿನಲ್ಲಿ ಟಿಎನ್‌ಟಿ ಬಂದು ಯಾವುದೋ ಓಬೀರಾಯನ ಕಾಲದ ಇಂಗ್ಲಿಷ್ ಸಿನಿಮಾ ಶುರು. ಅಮ್ಮನಿಗೆ ಅದೇ ಗಡಿಯಾರ. ಕಪ್ಪು ಬಿಳುಪು ಬಂತು ಅಂದರೆ ಊಟಕ್ಕೆ ಏಳಬೇಕು.

ಹುಲಿಕಲ್_ಮಳೆ:
@ನಾಲ್ಕನೇ_ಬ್ಲಾಕ್ ಇದೇ ನೋಡಿ ನನಗೆ ಸಿಟ್ಟು ಬರುವ ವಿಷಯ. ಎಲ್ಲರೂ "ನಾವು 90ರ ದಶಕದ ಮಕ್ಕಳು" ಅಂತ ಎದೆ ತಟ್ಟಿಕೊಳ್ಳುತ್ತೀರಿ. ಹುಟ್ಟಿದ ಇಸವಿ ತಗೊಂಡು ಏನು ಮಾಡುತ್ತೀರಿ? ನಾನು 1992. ನಿಮಗಿಂತ ನಾಲ್ಕು ವರ್ಷ ಚಿಕ್ಕವನು. ಆದರೆ ಸ್ವಾಟ್ ಕ್ಯಾಟ್ಸ್ ಅನ್ನುವ ಹೆಸರು ಕೇಳಿದ್ದೇ ಶಿವಮೊಗ್ಗದ ಹಾಸ್ಟೆಲಿಗೆ ಸೇರಿದಮೇಲೆ.

ನಮ್ಮದು ಹೊಸನಗರ ತಾಲೂಕಿನ ಒಂಟಿ ಮನೆ. ಆ ಗುಡ್ಡಕ್ಕೆ ಕೇಬಲ್ ಎಳೆಯುವವರು ಯಾರು? ಇದ್ದದ್ದು ದೂರದರ್ಶನ ಒಂದೇ, ಅದೂ ಅಡಿಕೆ ದಬ್ಬೆಗೆ ಕಟ್ಟಿದ ಆಂಟೆನಾ. 2004ರ ಕೊನೆಗೆ ಡಿಡಿ ಡೈರೆಕ್ಟ್ ಅಂತ ತಿಂಗಳ ಬಾಡಿಗೆ ಇಲ್ಲದ ಡಿಶ್ ಬಂತಲ್ಲ, ಆಮೇಲೆ ನಮಗೆ ಎರಡನೇ ಚಾನೆಲ್ ಕಂಡಿದ್ದು. ನನ್ನ ಬಾಲ್ಯ 1980ರ ತಿಪಟೂರಿನವರ ಜೊತೆ ಹೊಂದುತ್ತದೆ, ನಿಮ್ಮ ಜೊತೆ ಅಲ್ಲ. ತಲೆಮಾರು ತಂತಿ ಎಲ್ಲಿಯವರೆಗೆ ಬಂತು ಅನ್ನುವುದರ ಮೇಲೆ ಇರುತ್ತದೆ ಮಾರಾಯರೇ.

ನಾಲ್ಕನೇ_ಬ್ಲಾಕ್:
ಒಪ್ಪಿದೆ. ಆದರೆ ಕಾಂಪೌಂಡಿಗೆ ಗುದ್ದಿದ್ದು ನಾವೇ.

ಹುಲಿಕಲ್_ಮಳೆ:
ನಾವು ತೋಡಿಗೆ ಬಿದ್ದಿದ್ದೇವೆ. ಅದು ಶಕ್ತಿಮಾನ್ ನೋಡಿ.

ಸೂಜಿ_ಕಣ್ಣು:
ಶಕ್ತಿಮಾನ್ ಕಾರ್ಟೂನ್ ಅಲ್ಲ.

ಹುಲಿಕಲ್_ಮಳೆ:
ಗೊತ್ತು ಸರ್. ಗಿರಗಿರ ತಿರುಗಿ ತೋಡಿಗೆ ಬೀಳುವಾಗ ಅದು ನೆನಪಾಗಲಿಲ್ಲ.

ಚಿತ್ರಾನ್ನ_ಚೆಲುವೆ:
ಶನಿವಾರದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಶಕ್ತಿಮಾನ್ 1997ರಲ್ಲಿ ಶುರುವಾದಾಗ ಭಾನುವಾರ ಇರಲೇ ಇಲ್ಲ, ಶನಿವಾರ ಬೆಳಿಗ್ಗೆ ಬರುತ್ತಿತ್ತು. ಆಮೇಲೆ ಭಾನುವಾರಕ್ಕೆ ಹೋಯಿತು. ನಾನು ಆಗ ಐದನೇ ಕ್ಲಾಸ್, ಚನ್ನರಾಯಪಟ್ಟಣ. ಕೊನೇ ಪೀರಿಯಡ್‌ನಲ್ಲಿ ಯಾರೂ ಪಾಠ ಕೇಳುತ್ತಿರಲಿಲ್ಲ, ಎಲ್ಲರ ಕಣ್ಣು ಗಂಟೆ ಹೊಡೆಯುವ ಜವಾನರ ಮೇಲೆ. ಬೆಲ್ ಆದ ಕೂಡಲೇ ಬ್ಯಾಗ್ ಎದೆಗೆ ಅವಚಿಕೊಂಡು ಓಟ. ಬೆನ್ನಿಗೆ ಹಾಕಿಕೊಂಡರೆ ಟಿಫನ್ ಡಬ್ಬಿ ಬೆನ್ನಿಗೆ ಬಡಿಯುತ್ತೆ, ಓಡಕ್ಕಾಗಲ್ಲ. ಎಷ್ಟು ಓಡಿದರೂ ಮೊದಲ ಹಾಡು ಮುಗಿದೇ ಹೋಗಿರುತ್ತಿತ್ತು. ಭಾನುವಾರಕ್ಕೆ ಬದಲಾದಮೇಲೇ ನಾನು ಆ ಹಾಡನ್ನು ಪೂರ್ತಿ ಕೇಳಿದ್ದು.

ಆದರೆ ಭಾನುವಾರ ಇನ್ನೊಂದು ಕಷ್ಟ ಇತ್ತು. ಗಂಡುಮಕ್ಕಳಿಗೆ ಗೊತ್ತಾಗಲ್ಲ ಇದು. ಭಾನುವಾರ ಬೆಳಿಗ್ಗೆ ಅಂದರೆ ಎಣ್ಣೆಸ್ನಾನ. ನನ್ನ ತಮ್ಮನಿಗೆ ಎರಡು ಚೆಂಬು ನೀರು ಹೊಯ್ದು ಐದು ನಿಮಿಷಕ್ಕೆ ಬಿಡುತ್ತಿದ್ದರು. ನನಗೆ ಸೊಂಟದವರೆಗೆ ಕೂದಲು. ಅಜ್ಜಿ ಹರಳೆಣ್ಣೆ ತಟ್ಟಿ, ಹಂಡೆ ಪಕ್ಕದಲ್ಲಿ ಕೂರಿಸಿ, ಸೀಗೆಪುಡಿ ಉಜ್ಜುವುದಕ್ಕೆ ಶುರು ಮಾಡಿದರೆ ಅರ್ಧ ಗಂಟೆ. ನಾನು ಎಷ್ಟೋ ಭಾನುವಾರ ಟಿವಿ ನೋಡಿಲ್ಲ, ಕೇಳಿದ್ದೇನೆ. ಬಚ್ಚಲಿನ ಹೊಗೆಯಲ್ಲಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. ಮಧ್ಯೆ "ಈಗ ಏನಾಯ್ತೋ?" ಅಂತ ಕೂಗಿದರೆ ತಮ್ಮ ಬೇಕಂತಲೇ ಸುಳ್ಳು ಹೇಳೋನು. ಡಕ್ ಟೇಲ್ಸ್‌ನಲ್ಲಿ ಬಾತುಕೋಳಿ ಸತ್ತೇಹೋಯಿತು ಅಂತ ಒಂದು ವಾರ ನಂಬಿಸಿದ್ದ.

ಕುಡ್ಲ_ಬಂಗುಡೆ:
ಸೀಗೆಪುಡಿ ಕಣ್ಣಿಗೆ ಹೋದ ಉರಿ ಈಗಲೂ ನೆನಪಾಯಿತು ಮೇಡಂ. ನಮ್ಮ ಮನೆಯಲ್ಲಿ ಗಂಡುಮಕ್ಕಳಿಗೂ ವಿನಾಯಿತಿ ಇರಲಿಲ್ಲ.

ಹಳೇ_ಮಾಸ್ತರ್:
ನಿಮ್ಮೆಲ್ಲರ ಮಾತು ಓದಿ ಖುಷಿ ಆಯಿತು. ನಾನು ಇಲ್ಲಿ ಬಹುಶಃ ಎಲ್ಲರಿಗಿಂತ ಹಿರಿಯ, ನಿವೃತ್ತ ಶಿಕ್ಷಕ. ನೀವು ಟಿವಿ ಅಂದರೆ ಹಿಂದಿ ಅಂತಲೇ ಶುರು ಮಾಡಿದ್ದೀರಿ. ನನ್ನ ಕಥೆ ಬೇರೆ ಇದೆ.

1975. ರಾಯಚೂರು ಜಿಲ್ಲೆ, ನಮ್ಮ ಹಳ್ಳಿ. ನಾನು ನಾಲ್ಕನೇ ಇಯತ್ತೆ. ಬೆಂಗಳೂರಿಗೇ ದೂರದರ್ಶನ ಬಂದಿದ್ದು 1981ರಲ್ಲಿ, ಆದರೆ ನಮ್ಮ ಶಾಲೆಯಲ್ಲಿ ಅದಕ್ಕೂ ಆರು ವರ್ಷ ಮೊದಲೇ ಟಿವಿ ಇತ್ತು ಅಂದರೆ ನಂಬುತ್ತೀರೇನು? ಸೈಟ್ ಅಂತ ಒಂದು ಪ್ರಯೋಗ ನಡೆದಿತ್ತು. ಅಮೆರಿಕದ ಉಪಗ್ರಹ, ನಮ್ಮ ಇಸ್ರೋದವರ ಕೆಲಸ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದೊಂದು ಟಿವಿ ಇಟ್ಟಿದ್ದರು. ಕರ್ನಾಟಕದಲ್ಲಿ ನಮ್ಮ ಕಡೆ ಜಿಲ್ಲೆಗಳನ್ನೇ ಆರಿಸಿಕೊಂಡಿದ್ದರು. ಮಾಳಿಗೆಯ ಮೇಲೆ ಕೋಳಿಗೂಡಿನ ಜಾಲರಿ ತರಹದ್ದರಿಂದ ಮಾಡಿದ ದೊಡ್ಡ ಛತ್ರಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಅಂತಲೇ ಒಂದೂವರೆ ತಾಸು ಕಾರ್ಯಕ್ರಮ. ಅದೂ ಕನ್ನಡದಲ್ಲಿ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ ಇತ್ಯಾದಿ.

ಒಂದು ವರ್ಷ ನಡೆಯಿತು. 1976ರ ಜುಲೈ ಕೊನೆಗೆ ಉಪಗ್ರಹ ವಾಪಸ್ ಹೋಯಿತು, ಪರದೆ ಖಾಲಿ. ಮರುದಿನವೂ ನಾವು ಹೋಗಿ ಕೂತಿದ್ದೆವು, ಚಾಪೆ ಹಾಸಿಕೊಂಡು. ಮಾಸ್ತರು ಬಂದು ಎಬ್ಬಿಸಿದರು.

ಎಡಿಸನ್_ಎಮ್ಮೆ:
ಸರ್, ಇದು ನನಗೆ ಗೊತ್ತೇ ಇರಲಿಲ್ಲ. ಅಂದರೆ ಕರ್ನಾಟಕದ ಮಕ್ಕಳು ನೋಡಿದ ಮೊದಲ ಟಿವಿ ಕನ್ನಡ ಮಾತಾಡಿತು, ಆಮೇಲೆ ಬಂದಿದ್ದು ಮರೆತುಬಿಟ್ಟಿತು!

ಗಿರ್ಮಿಟ್_ಗ್ಯಾಂಗ್:
ಮಾಸ್ತರ್‌ಗೆ ಒಂದು ನಮಸ್ಕಾರ್ರೀ. ಚಾಪೆ ಮಾತು ಓದಿ ಸುಮ್ನೆ ಕೂತುಬಿಟ್ಟೆ.

ಚಿಂಟು_ಪಾರ್ಟಿ:
ನಾನು 2002. ಅಂಕಲ್‌ಗಳೆಲ್ಲ ಸೇರಿ ಕಾರ್ಟೂನ್ ಅಂದರೆ ಹಿಂದಿ ಇಲ್ಲಾ ಇಂಗ್ಲಿಷ್ ಅಂತ ತೀರ್ಮಾನ ಮಾಡಿಬಿಟ್ಟಿದ್ದೀರಲ್ಲ. 2009ರಲ್ಲಿ ಕನ್ನಡದ ಮಕ್ಕಳ ಚಾನೆಲ್ ಚಿಂಟು ಟಿವಿ ಬಂತು, ಮರೆತಿರಾ? ನನ್ನ ಜಾಕಿ ಚಾನ್ ಕನ್ನಡ ಮಾತಾಡುತ್ತಿದ್ದ. ಡೋರಾ ಕನ್ನಡದಲ್ಲೇ ದಾರಿ ಕೇಳುತ್ತಿದ್ದಳು. ನಾನು ಮಂಡ್ಯದಲ್ಲಿ ಟಿವಿ ಮುಂದೆ ನಿಂತು "ನಿನ್ನ ಹಿಂದೆನೇ ಐತಲ್ಲೇ" ಅಂತ ಕಿರುಚುತ್ತಿದ್ದೆ. ಕೇಳಿಸಿಕೊಳ್ಳುತ್ತಿರಲಿಲ್ಲ ಅವಳು, ಅದು ಬೇರೆ ಮಾತು.

ನಾಲ್ಕನೇ_ಬ್ಲಾಕ್:
ಅಂಕಲ್ ಅಂದಿದ್ದಕ್ಕೆ ನೋವಾಯಿತು. ಮಿಕ್ಕಿದ್ದೆಲ್ಲ ಸರಿ.

ಕುಡ್ಲ_ಬಂಗುಡೆ:
ಚಿಂಟು ಬಂದಾಗ ಒಂದು ತಮಾಷೆ ಗಮನಿಸಿದ್ದಿರಾ? ಕನ್ನಡದಲ್ಲಿ ಡಬ್ಬಿಂಗ್ ಬೇಡ ಅಂತ ದಶಕಗಳಿಂದ ಅಲಿಖಿತ ಕಟ್ಟುಪಾಡು. ಸಿನಿಮಾ ಇಲ್ಲ, ಧಾರಾವಾಹಿ ಇಲ್ಲ. 2012ರಲ್ಲಿ ಅಮೀರ್ ಖಾನ್ ಅವರ ಸತ್ಯಮೇವ ಜಯತೇ ಬೇರೆ ಭಾಷೆಗಳಿಗೆ ಡಬ್ ಆಯಿತು, ಕನ್ನಡದಲ್ಲಿ ಬರಲಿಲ್ಲ. ಅದೇ ಹೊತ್ತಿಗೆ ಜಾಕಿ ಚಾನ್ ಮಾತ್ರ ದಿನಾ ಕನ್ನಡದಲ್ಲಿ ಒದೆಯುತ್ತಿದ್ದ. ಕಾರ್ಟೂನ್ ಯಾರ ಕಣ್ಣಿಗೂ ಬೀಳಲಿಲ್ಲವೋ, ಮಕ್ಕಳದ್ದು ತಾನೇ ಅಂತ ಬಿಟ್ಟರೋ.

ದಾಸಪ್ಪನ_ಗೋಳು:
ಡಬ್ಬಿಂಗ್ ವಿರೋಧಿಸಿದವರನ್ನ ಸುಮ್ನೆ ಹೀಗಳೆಯಬೇಡಿ. 60ರ ದಶಕದಲ್ಲಿ ಕನ್ನಡ ಚಿತ್ರೋದ್ಯಮ ಅಂದರೆ ಕೈಬೆರಳಲ್ಲಿ ಎಣಿಸುವಷ್ಟು ಸಿನಿಮಾ, ಚಿತ್ರೀಕರಣಕ್ಕೆ ಮದ್ರಾಸಿಗೆ ಹೋಗಬೇಕು. ಪಕ್ಕದ ಭಾಷೆಯ ದೊಡ್ಡ ಸಿನಿಮಾಗಳು ಡಬ್ ಆಗಿ ಬಂದಿದ್ದರೆ ನಮ್ಮ ಕಲಾವಿದರು, ತಂತ್ರಜ್ಞರು ಉಳಿಯುತ್ತಿದ್ದರಾ? ರಾಜ್‌ಕುಮಾರ್ ಅವರಂಥವರು ಬೀದಿಗಿಳಿದಿದ್ದು ಸುಮ್ನೆ ಅಲ್ಲ.

ಕುಡ್ಲ_ಬಂಗುಡೆ:
ಆವತ್ತಿಗೆ ಅದು ಸರಿ ಇರಬಹುದು ಅಣ್ಣಾ. ನನ್ನ ಪ್ರಶ್ನೆ ಮಕ್ಕಳದ್ದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ. ನನ್ನ ಚಿಕ್ಕಪ್ಪನ ಮಗ ಹಿಂದಿ ಪ್ರಥಮಾ ಪರೀಕ್ಷೆಯನ್ನ ಓದದೆ ಪಾಸು ಮಾಡಿದ, ಡಕ್ ಟೇಲ್ಸ್ ಕೃಪೆ. ಅದೇ ಹುಡುಗ ಕನ್ನಡದಲ್ಲಿ "ನಿಧಿ" ಅನ್ನುವ ಪದ ಕೇಳಿ "ಖಜಾನಾ ಅಂತನಾ?" ಅಂದಿದ್ದ. ಡಬ್ಬಿಂಗ್ ತಡೆದು ನಾವು ಹಿಂದಿ ತಡೆದಿಲ್ಲ, ಕನ್ನಡ ತಡೆದಿದ್ದೇವೆ.

ದಾಸಪ್ಪನ_ಗೋಳು:
ಅದಕ್ಕೆ ಉತ್ತರ ನಾವೇ ಒಳ್ಳೆಯ ಕನ್ನಡ ಕಾರ್ಟೂನ್ ಮಾಡಬೇಕಿತ್ತು ಅನ್ನೋದು. ಬೇರೆಯವರದ್ದಕ್ಕೆ ನಮ್ಮ ಬಾಯಿ ಅಂಟಿಸುವುದಲ್ಲ.

ಕುಡ್ಲ_ಬಂಗುಡೆ:
ಮಾಡಿದೆವಾ?

ದಾಸಪ್ಪನ_ಗೋಳು:
ಇಲ್ಲ.

ಸೂಜಿ_ಕಣ್ಣು:
ಮಾಹಿತಿಗೆ: 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಅಂತ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಮಹಾಭಾರತ ಕನ್ನಡದಲ್ಲೇ ಬಂತು, ಮನೆಮಂದಿಯೆಲ್ಲ ಕೂತು ನೋಡಿದರು. ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. ಕಾರ್ಟೂನ್ ಭಾಷೆ ವಿಷಯ ನಮ್ಮಲ್ಲಿ ಮಾತ್ರ ಅಲ್ಲ. 2013ರಲ್ಲಿ ಬಾಂಗ್ಲಾದೇಶ ಹಿಂದಿಯಲ್ಲಿ ಬರುತ್ತಿದ್ದ ಡೊರೆಮಾನ್ ನಿಲ್ಲಿಸಿತು. ಮಕ್ಕಳೆಲ್ಲ ಮನೆಯಲ್ಲಿ ಹಿಂದಿ ಮಾತಾಡುತ್ತಿದ್ದಾರೆ ಅಂತ ದೂರು ಜಾಸ್ತಿಯಾಗಿತ್ತು.

ಚಿತ್ರಾನ್ನ_ಚೆಲುವೆ:
ನಮ್ಮ ಮನೆಯಲ್ಲಿ ದೂರು ಶಿನ್‌ಚಾನ್ ಮೇಲೆ. ಅಕ್ಕನ ಮಗ ಅದನ್ನು ನೋಡಿ ನೋಡಿ, ಮನೆಗೆ ಬಂದ ಪುರೋಹಿತರ ಮುಂದೆ ತಿರುಗಿ ನಿಂತು ಕುಂಡಿ ಕುಣಿಸಿಬಿಟ್ಟ. ಸತ್ಯನಾರಾಯಣ ಪೂಜೆ ದಿನ. ಆಮೇಲೆ 2008ರಲ್ಲಿ ಅದನ್ನ ಕೆಲವು ಕಾಲ ನಿಲ್ಲಿಸಿದ್ದರು ಕೂಡ. ಆ ಸುದ್ದಿ ಬಂದ ದಿನ ಅಕ್ಕ ಪಾಯಸ ಮಾಡಿದ್ದಳು.

ಚಿಂಟು_ಪಾರ್ಟಿ:
ಪುರೋಹಿತರು ಏನಂದರು? ಅದು ಮುಖ್ಯ.

ಚಿತ್ರಾನ್ನ_ಚೆಲುವೆ:
"ಮಗು ಚುರುಕಾಗಿದೆ" ಅಂದರು. ದಕ್ಷಿಣೆ ಇನ್ನೂ ಕೊಟ್ಟಿರಲಿಲ್ಲ.

ಹ್ಯೂಸ್ಟನ್_ಹುಳಿ:
ನಮಸ್ಕಾರ. ನನ್ನ ಕನ್ನಡ ಸ್ವಲ್ಪ ಹಾಗೇ ಹೀಗೆ, ತಪ್ಪಿದ್ದರೆ ಕ್ಷಮಿಸಿ. ನಾನು ಹುಟ್ಟಿದ್ದೇ ಅಮೆರಿಕದಲ್ಲಿ, 1977. ಮೇಲೆ ಹೇಳಿದ ಶನಿವಾರದ ಕಾರ್ಟೂನ್ ಇಲ್ಲಿ ನಿಜವಾಗಿ ದೊಡ್ಡ ಹಬ್ಬ. ಮೂರು ದೊಡ್ಡ ವಾಹಿನಿಗಳು, ಮೂರರಲ್ಲೂ ಒಟ್ಟಿಗೆ ಕಾರ್ಟೂನ್. ಸ್ಮರ್ಫ್ಸ್ ನನ್ನ ಪ್ರಾಣ. ಆದರೆ ನಾನು ಅರ್ಧ ಮಾತ್ರ ನೋಡಿದ್ದೇನೆ. ಯಾಕೆ ಗೊತ್ತಾ? ಶನಿವಾರ ಹತ್ತು ಗಂಟೆಗೆ ನಮ್ಮ ಊರಿನ ಕನ್ನಡದವರು ಸೇರಿ ಒಬ್ಬರ ಮನೆಯ ನೆಲಮಾಳಿಗೆಯಲ್ಲಿ ಕನ್ನಡ ಕ್ಲಾಸ್ ಮಾಡುತ್ತಿದ್ದರು! ಅಪ್ಪ ಕಾರ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯೋರು. ನಾನು ಅಳುತ್ತಾ ಅ ಆ ಇ ಈ ಕಲಿತಿದ್ದು.

ಈಗ ಆ ಕಾರ್ಟೂನ್ ಇಲ್ಲ. ಎನ್‌ಬಿಸಿ 1992ರಲ್ಲೇ ಬಿಟ್ಟಿತು, ಕೊನೆಗೆ ಉಳಿದಿದ್ದ ಸಿಡಬ್ಲ್ಯೂ ಕೂಡ 2014ರಲ್ಲಿ ನಿಲ್ಲಿಸಿತು. ಕನ್ನಡ ಕ್ಲಾಸ್ ಮಾತ್ರ ಇನ್ನೂ ಇದೆ. ಈಗ ಹಾರ್ನ್ ಹೊಡೆಯುವುದು ನಾನು.

ಎಡಿಸನ್_ಎಮ್ಮೆ:
@ಹ್ಯೂಸ್ಟನ್_ಹುಳಿ ಹಾಗಾದರೆ ನಿಮಗೂ ಶನಿವಾರ ಮಾರ್ನಿಂಗ್ ಕ್ಲಾಸ್! ನಮ್ಮ ಕಡೆಯವರೇ ನೀವು.

ಹ್ಯೂಸ್ಟನ್_ಹುಳಿ:
ಬಿಳಿ ಯೂನಿಫಾರ್ಮ್ ಇರಲಿಲ್ಲ ಅಷ್ಟೇ.

ಬೆಣ್ಣೆ_ಖಾಲಿ:
ನನ್ನ ಮಗಳಿಗೆ ನಾಲ್ಕು ವರ್ಷ. ಮೋಗ್ಲಿ ತೋರಿಸೋಣ ಅಂತ ಫೋನಿನಲ್ಲಿ ಹುಡುಕಿ ಹಾಕಿದೆ. ಎರಡು ನಿಮಿಷ ನೋಡಿ "ಅಪ್ಪಾ ಸ್ಕಿಪ್" ಅಂದಳು. ಅವಳಿಗೆ ಬೇಕಾಗಿರೋದು ಚಿನ್ನು ಹಾಡುಗಳು. ಒಂದು ಒಳ್ಳೆಯದು, ಅದು ಕನ್ನಡದಲ್ಲಿದೆ. ಇನ್ನೊಂದು ಕೆಟ್ಟದ್ದು, ಅದಕ್ಕೆ ಭಾನುವಾರ ಅನ್ನೋದೇ ಇಲ್ಲ. ಮಂಗಳವಾರ ರಾತ್ರಿ ಊಟ ಮಾಡಿಸುವಾಗ ಆನೆ ಹಾಡು ನಲವತ್ತನೇ ಸಲ ಕೇಳಿದ್ದೇನೆ. ನಮಗೆ ವಾರಕ್ಕೆ ಅರ್ಧ ಗಂಟೆ ಸಿಗುತ್ತಿತ್ತು, ಅದಕ್ಕೇ ಇಷ್ಟು ನೆನಪಿದೆಯೇನೋ.

ಚಿಂಟು_ಪಾರ್ಟಿ:
"ನಮ್ಮ ಕಾಲದಲ್ಲಿ" ಭಾಷಣ ಶುರು ಆಯ್ತು ನೋಡಿ.

ಹುಲಿಕಲ್_ಮಳೆ:
ವಾರಕ್ಕೆ ಅರ್ಧ ಗಂಟೆ, ಅದೂ ಕರೆಂಟ್ ಇದ್ದರೆ. ಮಳೆಗಾಲದಲ್ಲಿ ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಥೆಯೇ ಇಲ್ಲ. ಬೇತಾಳ ಮರಕ್ಕೆ ವಾಪಸ್ ಹೋಗುವ ಕಥೆಗೆ ಬಾಲಮಂಗಳ, ಚಂದಮಾಮವೇ ಗತಿ. ನಿಜ ಹೇಳಬೇಕಂದರೆ ನನ್ನ ಕಾರ್ಟೂನ್ ಹೀರೋ ಬಾಲಮಂಗಳದ ಡಿಂಗ. ಕನ್ನಡ ಮಾತಾಡುತ್ತಿದ್ದ, ಕರೆಂಟ್ ಬೇಕಿರಲಿಲ್ಲ.

ಗಿರ್ಮಿಟ್_ಗ್ಯಾಂಗ್:
ಡಿಂಗ!! ಯಾರೂ ಹೇಳಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ನನ್ನ ವೋಟು ಮೋಗ್ಲಿಯಿಂದ ವಾಪಸ್.

ಬೆಣ್ಣೆ_ಖಾಲಿ:
ಪಕ್ಷಾಂತರಿ.

ಸೂಜಿ_ಕಣ್ಣು:
ಡಿಂಗ ಕಾಮಿಕ್. ಕಾರ್ಟೂನ್ ಅಂದರೆ ಚಲಿಸಬೇಕು.

ಹುಲಿಕಲ್_ಮಳೆ:
ಸರ್, ನಾವು ಪುಟ ತಿರುಗಿಸುತ್ತಿದ್ದೆವು. ಚಲಿಸುತ್ತಿತ್ತು.

ಎಡಿಸನ್_ಎಮ್ಮೆ:
ಈಗ ಅಮ್ಮನಿಗೆ ಫೋನ್ ಮಾಡಿ ಹಳೇ ಟಿವಿ ವಿಷಯ ಕೇಳಿದೆ. ಮರದ ಡಬ್ಬಿಯದ್ದು, ಅಟ್ಟದ ಮೇಲೆ ಕೊಬ್ಬರಿ ಮೂಟೆ ಪಕ್ಕದಲ್ಲೇ ಇದೆಯಂತೆ. ಗುಜರಿಯವನಿಗೆ ಕೊಡಬೇಡಿ ಅಂತ ಹೇಳಿದ್ದೇನೆ. ಮುಂದಿನ ಸಲ ಬಂದಾಗ ಫೋಟೋ ಹಾಕುತ್ತೇನೆ.

ಚಿತ್ರಾನ್ನ_ಚೆಲುವೆ:
ಎರಡೂ ಕಡೆಯಿಂದ ಎಳೆಯುವ ಶಟರ್ ಇದೆಯಾ? ಬೀಗ ಹಾಕೋದು?

ಎಡಿಸನ್_ಎಮ್ಮೆ:
ಇದೆ. ಪರೀಕ್ಷೆ ಬಂದರೆ ಅಪ್ಪ ಬೀಗ ಹಾಕೋರು. 1996ರ ಮಾರ್ಚ್‌ನಲ್ಲಿ, ನನ್ನ ಎಸ್ಸೆಸ್ಸೆಲ್ಸಿಗೆ ಹಾಕಿದ್ದು ನೆನಪಿದೆ. ಕೀ ಎಲ್ಲಿದೆ ಅಂತ ಅಮ್ಮನಿಗೂ ಗೊತ್ತಿಲ್ಲ.

ಚಿತ್ರಾನ್ನ_ಚೆಲುವೆ:
ಕೀ ಯಾಕೆ? ಹೇರ್‌ಪಿನ್ ಸಾಕು. ಎಡಗಡೆ ಸ್ವಲ್ಪ ಒತ್ತಿ ಮೇಲಕ್ಕೆ ಎತ್ತಿ. ನೋಡಿ ಆದಮೇಲೆ ಮೇಲೆ ಒದ್ದೆ ಬಟ್ಟೆ ಇಟ್ಟು ತಣ್ಣಗೆ ಮಾಡೋದು ಮರೆಯಬೇಡಿ, ಅಪ್ಪ ಬಂದು ಕೈ ಇಟ್ಟು ನೋಡುತ್ತಾರೆ.